ಹಿತ್ತಿಲಿನ ಗೋಪುರ

ನಮ್ಮ ಮನೆಯು ಮೈಸೂರಿನ ಹೊರ ಅಂಚಿನಲ್ಲಿರುವುದು. ಮನೆ ಚಿಕ್ಕದಾದರೂ ಹಿತ್ತಿಲು ವಿಶಾಲವಾದುದು. ಐದಾರು ತೆಂಗಿನ ಮರಗಳು, ಒಂದು ಬಾವಿ, ಒಂದು ಒಗೆಯುವ ಕಲ್ಲು, ಇವೇ ಬಹುಕಾಲದವರೆಗೆ ಅದರ ಸಂಪತ್ತಾಗಿದ್ದವು. ಈಗ ಒಂದು ವರ್ಷದಿಂದ ಆ ಮರಗಳ ನಡುವೆ ನಲವತ್ತಡಿ ಎತ್ತರದ ಉಕ್ಕಿನ ಗೋಪುರವೊಂದು ನಿಂತಿದೆ. ದಾರಿಯಲ್ಲಿ ಹೋಗುವವರು ತಲೆಯೆತ್ತಿ ನೋಡಿ, “ಮೇಷ್ಟ್ರೇ, ಮೊಬೈಲ್ ಕಂಪನಿಯವರಿಗೆ ಜಾಗ ಬಾಡಿಗೆಗೆ ಕೊಟ್ಟಿರೇನು?” ಎಂದು ಕೇಳುವುದುಂಟು. ಬಾಡಿಗೆಯ ಮಾತು ಹಾಗಿರಲಿ, ಅದಕ್ಕಾಗಿ ನಮ್ಮ ಕೈಯಿಂದಲೇ ಹಣ ಹೋಗಿದೆಯೆಂದು ಹೇಳಿದರೆ ಅವರು ನಗುತ್ತಾರೆ. ಅದು ನಮ್ಮ ತಮ್ಮನ ಮಗನ ಹವ್ಯಾಸಿ ರೇಡಿಯೋವಿಗೆ ಕಟ್ಟಿಸಿದ ಗೋಪುರ.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದ, ಧಾತು, ಸಮಾಸಗಳನ್ನು ಹೇಳಿಕೊಟ್ಟವರು ನಾವು. ವಿದ್ಯುತ್ತಿನ ವಿಷಯದಲ್ಲಿ ನಮ್ಮ ಪಾಂಡಿತ್ಯವು ಫ್ಯೂಸು ಹಾಕುವುದರಾಚೆಗೆ ಹೋದುದಲ್ಲ. ಆದರೂ ಈ ಗೋಪುರವನ್ನು ನಿಲ್ಲಿಸುವಾಗ ಕಂಡುಕೇಳಿದ ಕೆಲವು ಸಂಗತಿಗಳು ಮನೆಯೊಡೆಯರಾದವರೆಲ್ಲರಿಗೂ ತಿಳಿದಿರತಕ್ಕವು ಎಂದು ನಮಗೆ ತೋರಿದೆ. ಇಂದಲ್ಲ ನಾಳೆ ಯಾರ ಮನೆಯಲ್ಲಾದರೂ ಒಬ್ಬ ಹುಡುಗನೋ ಹುಡುಗಿಯೋ, “ತಾರಸಿಯ ಮೇಲೆ ಒಂದು ಕಂಬ ನಿಲ್ಲಿಸಲೇ?” ಎಂದು ಕೇಳಬಹುದು. ಆಗ ಏನು ಉತ್ತರ ಕೊಡಬೇಕೆಂಬುದೇ ಈ ಲೇಖನದ ವಿಷಯ.

ಹವ್ಯಾಸಿ ರೇಡಿಯೋ ಎಂದರೇನೆಂಬುದನ್ನು ಮೊದಲು ಹೇಳಬೇಕು. ಪ್ರಪಂಚದಲ್ಲೆಲ್ಲ ಇದಕ್ಕೆ ‘ಹ್ಯಾಮ್’ ಎಂದು ಹೆಸರು. ಪರೀಕ್ಷೆ ಕೊಟ್ಟು, ಕೇಂದ್ರ ಸರ್ಕಾರದ ಸಂಪರ್ಕ ಇಲಾಖೆಯಿಂದ ಅನುಜ್ಞಾಪತ್ರ ಪಡೆದವನು ತನ್ನ ಮನೆಯಿಂದಲೇ ರೇಡಿಯೋ ಅಲೆಗಳ ಮೂಲಕ ಇತರ ಹ್ಯಾಮ್‌ಗಳೊಡನೆ ಮಾತನಾಡಬಹುದು. ನಮ್ಮ ದೇಶದ ಹವ್ಯಾಸಿಗಳ ಕರೆಹೆಸರು ‘ವಿಯು’ ಎಂಬ ಎರಡು ಅಕ್ಷರಗಳಿಂದ ಆರಂಭವಾಗುವುದು. ಇದರಲ್ಲಿ ವ್ಯಾಪಾರದ ಮಾತಿಗೆ ಅವಕಾಶವಿಲ್ಲ; ಹಾಡು, ಪ್ರಸಂಗಗಳನ್ನು ಪ್ರಸಾರ ಮಾಡುವಂತೆಯೂ ಇಲ್ಲ. ಇದು ಒಬ್ಬರೊಡನೊಬ್ಬರು ಸಂಭಾಷಿಸುವ ವಿದ್ಯೆ.

ಮೈಸೂರಿಗೂ ಮನೆಯ ರೇಡಿಯೋವಿಗೂ ಹಳೆಯ ನಂಟುಂಟು. ೧೯೩೫ನೆಯ ಇಸವಿಯಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿಯೇ ಪ್ರಸಾರ ನಿಲಯವನ್ನು ಆರಂಭಿಸಿದರು. ಅದು ‘ಆಕಾಶವಾಣಿ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅವರದು ಪ್ರಸಾರ, ನಮ್ಮ ಹುಡುಗನದು ಸಂಭಾಷಣೆ, ಎರಡೂ ಬೇರೆ. ಆದರೆ ಮನೆಯ ಮಾಡಿನ ಮೇಲೆ ಒಂದು ತಂತಿಯನ್ನೆತ್ತಿ ಅದರಿಂದ ಆಕಾಶಕ್ಕೆ ಮಾತನ್ನು ಒಪ್ಪಿಸುವ ಸಾಹಸವು ಎರಡಕ್ಕೂ ಸಮಾನವಾದುದು.

ಈ ಹವ್ಯಾಸದಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರಿಗೆ ಒಂದು ಉದಾಹರಣೆಯನ್ನು ಹೇಳಬಹುದು. ೨೦೦೪ನೆಯ ಡಿಸೆಂಬರಿನಲ್ಲಿ ಹ್ಯಾಮ್‌ಗಳ ಒಂದು ತಂಡವು ವಿಶೇಷ ಅನುಮತಿ ಪಡೆದು ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿತ್ತು. ಅಪರೂಪವಾದ ದ್ವೀಪದಿಂದ ಲೋಕದ ಹವ್ಯಾಸಿಗಳೊಡನೆ ಮಾತನಾಡುವುದಷ್ಟೇ ಅವರ ಉದ್ದೇಶ. ಡಿಸೆಂಬರ್ ೨೬ರಂದು ಸುನಾಮಿ ಬಂದಿತು. ದೂರವಾಣಿಗಳು ಮೂಕವಾದಾಗ ಅದೇ ತಂಡವು ದ್ವೀಪಕ್ಕೂ ಭೂಭಾಗಕ್ಕೂ ನಡುವೆ ಜನರ ಕ್ಷೇಮಸಮಾಚಾರಗಳನ್ನು ಮುಟ್ಟಿಸಿತು. ೨೦೦೧ರ ಜನವರಿಯ ಭುಜ್ ಭೂಕಂಪದಲ್ಲಿಯೂ ಹವ್ಯಾಸಿಗಳು ಇಂತಹುದೇ ಸೇವೆ ಮಾಡಿದರು.

ಇನ್ನು ಗೋಪುರದ ವಿಷಯ. ರೇಡಿಯೋ ಯಂತ್ರವು ಎಷ್ಟೇ ಬೆಲೆಯುಳ್ಳದ್ದಾಗಲಿ, ಅಲೆಯನ್ನು ಆಕಾಶಕ್ಕೆ ಬಿಡುವುದೂ ಹಿಡಿಯುವುದೂ ಆಂಟೆನಾದ ಕೆಲಸ. ಆಂಟೆನಾ ಎತ್ತರದಲ್ಲಿದ್ದಷ್ಟೂ ಅದಕ್ಕೆ ದೂರದ ದಿಗಂತವು ಕಾಣುವುದು. ಸುಮಾರು ಎರಡು ಮೀಟರು ಉದ್ದದ ಅಲೆಗಳನ್ನು ಹವ್ಯಾಸಿಗಳು ಸಮೀಪದ ಊರುಗಳ ಸಂಭಾಷಣೆಗೆ ಬಳಸುತ್ತಾರೆ. ಇವು ಹೆಚ್ಚುಕಡಮೆ ನೇರವಾಗಿ ಹೋಗತಕ್ಕವು. ಭೂಮಿಯ ಬಾಗು ಇವನ್ನು ಮರೆಮಾಡುವುದು. ಇದಕ್ಕೊಂದು ಸುಲಭವಾದ ಲೆಕ್ಕವಿದೆ. ಎತ್ತರವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು ೪.೧೨ರಿಂದ ಗುಣಿಸಿದರೆ, ಬಯಲುನಾಡಿನಲ್ಲಿ ಆ ಆಂಟೆನಾದ ದಿಗಂತವು ಎಷ್ಟು ಕಿಲೋಮೀಟರು ಎಂಬುದು ಬರುವುದು. ನಾಲ್ಕು ಮೀಟರು ಎತ್ತರಕ್ಕೆ ಎಂಟು ಕಿಲೋಮೀಟರು. ಹದಿನಾರು ಮೀಟರು ಎತ್ತರಕ್ಕೆ ಹದಿನಾರು ಕಿಲೋಮೀಟರು. ಎರಡು ಕಡೆಯವರ ದಿಗಂತಗಳನ್ನು ಕೂಡಿಸಿದರೆ ಅವರ ಮಾತು ಮುಟ್ಟುವ ದೂರ.

ವಾಚಕರು ಈ ಲೆಕ್ಕದಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಎತ್ತರ ನಾಲ್ಕು ಪಟ್ಟಾದರೆ ದಿಗಂತವು ಎರಡೇ ಪಟ್ಟಾಗುವುದು. ಗಾಳಿಯ ಲೆಕ್ಕವಾದರೋ ಇದಕ್ಕೆ ವಿಪರೀತವಾದುದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡವು ನಾಲ್ಕು ಪಟ್ಟಾಗುವುದು. ಮೈಸೂರು, ಬೆಂಗಳೂರುಗಳಲ್ಲಿ ಕಟ್ಟಡಗಳನ್ನು ಸೆಕೆಂಡಿಗೆ ೩೩ ಮೀಟರು ವೇಗದ ಬಿರುಗಾಳಿಗೆ ತಕ್ಕಂತೆಯೂ, ಮಂಗಳೂರಿನಲ್ಲಿ ೩೯ ಮೀಟರಿಗೆ ತಕ್ಕಂತೆಯೂ ಕಟ್ಟಬೇಕೆಂದು ಭಾರತೀಯ ಮಾನಕವು ಸೂಚಿಸುತ್ತದೆ. ಮೊದಲನೆಯದರಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು ೬೬ ಕಿಲೋಗ್ರಾಮಿನ ಒತ್ತಡ, ಎರಡನೆಯದರಲ್ಲಿ ಸುಮಾರು ೯೩. ವೇಗದ ಅಂತರ ಆರು ಮೀಟರಾದರೂ ಒತ್ತಡದ ಅಂತರ ಎಷ್ಟಾಯಿತೆಂಬುದನ್ನು ನೋಡಿ. ಎತ್ತರದ ಲಾಭವು ನಿಧಾನವಾಗಿ ಬೆಳೆಯುವುದು, ಎತ್ತರದ ಅಪಾಯವು ಓಡಿ ಬರುವುದು. ಈ ಒಂದು ತತ್ತ್ವವನ್ನು ಮರೆತು ನಾವು ಮೊದಲಿಗೆ ತಪ್ಪು ಮಾಡಿದೆವು.

ಆ ತಪ್ಪನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಅನುಜ್ಞಾಪತ್ರ ಬಂದ ಹೊಸದರಲ್ಲಿ ಹುಡುಗನು ತಾರಸಿಯ ಕೈಪಿಡಿ ಗೋಡೆಯ ಮೇಲೆಯೇ ಸಣ್ಣ ಆಂಟೆನಾ ಇಟ್ಟುಕೊಂಡು ತೃಪ್ತನಾಗಿದ್ದನು. ಆಮೇಲೆ ಎತ್ತರದ ಆಸೆ ಹುಟ್ಟಿತು. ಆರು ಮೀಟರಿನ ನೀರಿನ ಕೊಳವೆಯೊಂದನ್ನು ತಂದು, ಅದೇ ಗೋಡೆಗೆ ಸೇರಿಸಿ ಕಬ್ಬಿಣದ ತಂತಿಯಿಂದ ಬಿಗಿದೆವು. ‘ಬಿಗಿದೆವು’ ಎಂದೆವಷ್ಟೆ, ತಂತಿಯ ಒಂದು ಕೊನೆಯನ್ನು ಹಿಡಿದವರು ನಾವೇ. ಒಂದು ತಿಂಗಳು ಅದು ನಿಂತಿತು. ನಮಗೆ ಹೆಮ್ಮೆಯೂ ಆಯಿತು. ಮೇ ತಿಂಗಳ ಒಂದು ಸಂಜೆ, ಮುಂಗಾರಿಗೆ ಮುಂಚಿನ ಬಿರುಗಾಳಿ ಎದ್ದಿತು. ದೊಡ್ಡ ಶಬ್ದವಾಯಿತು. ಓಡಿ ಹೋಗಿ ನೋಡಿದರೆ ಕೈಪಿಡಿ ಗೋಡೆಯ ನಾಲ್ಕು ಇಟ್ಟಿಗೆಗಳ ಸಮೇತ ಕೊಳವೆಯು ಪಕ್ಕದ ಮನೆಯ ಕಡೆಗೆ ಒರಗಿತ್ತು. ಅದರ ತುದಿಗೂ ಆ ಮನೆಗೆ ಹೋಗುವ ವಿದ್ಯುತ್ ತಂತಿಗೂ ನಡುವೆ ಉಳಿದಿದ್ದುದು ಒಂದು ಗೇಣು. ಹುಡುಗನು ಅದನ್ನು ಎಳೆದುಕೊಳ್ಳಲು ಕೈ ಚಾಚಿದ್ದನು. ಅವನ ತಾಯಿಯು ಹಿಂದಿನಿಂದ ಅಂಗಿಯನ್ನು ಹಿಡಿದೆಳೆಯದಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆದರೆ ಮೈ ನಡುಗುವುದು.

ವಿದ್ಯುತ್ ಇಲಾಖೆಯವರು ಬಂದು, ತಂತಿಯಲ್ಲಿ ಪ್ರವಾಹವನ್ನು ನಿಲ್ಲಿಸಿ, ಕೊಳವೆಯನ್ನು ಇಳಿಸಿದರು. ಅಂದು ರಾತ್ರಿ ನಮ್ಮ ತಮ್ಮನ ಪತ್ನಿಯು, “ಭಾವ, ನೀವು ದೊಡ್ಡವರು. ನೀವೇ ತಂತಿ ಹಿಡಿದುಕೊಂಡರೆ ಇವನಿಗೆ ಬುದ್ಧಿ ಹೇಳುವವರು ಯಾರು?” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಸಂಸ್ಕೃತಶಾಸ್ತ್ರಗಳಲ್ಲಿ ‘ಸ್ಥೂಣಾನಿಖನನ ನ್ಯಾಯ’ ಎಂಬುದೊಂದುಂಟು. ಸ್ಥೂಣಾ ಎಂದರೆ ಕಂಬ, ನಿಖನನವೆಂದರೆ ಹೂಳುವುದು. ಕಂಬವನ್ನು ನೆಡುವವನು ಒಮ್ಮೆ ಹೂಳಿ ಸುಮ್ಮನಾಗನು. ಅದನ್ನು ಅಲುಗಾಡಿಸಿ ನೋಡುವನು, ಅಲುಗಿದರೆ ಮತ್ತೆ ಬಡಿಯುವನು, ಪುನಃ ಅಲುಗಾಡಿಸುವನು. ಸಿದ್ಧಾಂತವನ್ನು ಆಕ್ಷೇಪಗಳಿಂದ ಅಲುಗಾಡಿಸಿ ಗಟ್ಟಿಗೊಳಿಸುವುದಕ್ಕೆ ಭಾಷ್ಯಕಾರರು ಈ ದೃಷ್ಟಾಂತವನ್ನು ಕೊಡುತ್ತಾರೆ. ಎಷ್ಟೋ ವರ್ಷ ಈ ನ್ಯಾಯವನ್ನು ವಿದ್ಯಾರ್ಥಿಗಳಿಗೆ ವಿವರಿಸಿದ ನಾವು, ನಿಜವಾದ ಕಂಬವೊಂದನ್ನು ನೆಡುವಾಗ ಅದನ್ನು ಮರೆತಿದ್ದೆವು!

ಎರಡನೆಯ ಸಾರಿ ಹಾಗಾಗಲಿಲ್ಲ. ನಗರದ ಹಿರಿಯ ಹವ್ಯಾಸಿಗಳೊಬ್ಬರನ್ನು ಮನೆಗೆ ಕರೆದೆವು. ಅವರು ಬಂದವರೇ ಆಂಟೆನಾದ ಮಾತೆತ್ತದೆ, ಕೈಯಲ್ಲಿ ಅಳತೆಯ ಪಟ್ಟಿಯನ್ನು ಹಿಡಿದು ಹಿತ್ತಿಲನ್ನೆಲ್ಲ ಸುತ್ತಿದರು. ಅವರ ಮೊದಲ ನಿಯಮವಿದು: ಗೋಪುರವು ಯಾವ ದಿಕ್ಕಿಗೆ ಬಿದ್ದರೂ, ಅದರ ತುದಿಯ ಆಂಟೆನಾ ಸಹಿತವಾಗಿ, ವಿದ್ಯುತ್ ತಂತಿಗೆ ತಗಲದಷ್ಟು ದೂರದಲ್ಲಿರಬೇಕು. ಅಂತಹ ಜಾಗವಿಲ್ಲದ ಮನೆಯಲ್ಲಿ ಗೋಪುರವೇ ಕೂಡದು. ತಂತಿಯ ಆಂಟೆನಾದಿಂದಲೇ ತೃಪ್ತಿಪಡತಕ್ಕದ್ದು. ಎರಡನೆಯದು: ವಿಮಾನ ನಿಲ್ದಾಣಗಳ ಸುತ್ತಮುತ್ತ ಎತ್ತರಕ್ಕೆ ನಿರ್ಬಂಧವಿರುವುದರಿಂದ, ಕಟ್ಟುವ ಮೊದಲೇ ವಿಚಾರಿಸಿ ಬೇಕಾದ ಅನುಮತಿಯನ್ನು ಪಡೆಯಬೇಕು. ಮೂರನೆಯದು: ನೆರೆಯವರಿಗೆ ಮುಂಚಿತವಾಗಿ ತಿಳಿಸಬೇಕು. ನಾವು ಪಕ್ಕದ ಮನೆಯವರಲ್ಲಿ ಹೋಗಿ ಹಿಂದಿನ ಅಪರಾಧವನ್ನು ಒಪ್ಪಿಕೊಂಡು, ಹೊಸ ನಕ್ಷೆಯನ್ನು ತೋರಿಸಿದೆವು. ಅವರು ಒಂದು ಲೋಟ ಕಾಫಿ ಕೊಟ್ಟು, “ಈ ಸಾರಿಯಾದರೂ ಗಟ್ಟಿಯಾಗಿ ಕಟ್ಟಿ, ಮೇಷ್ಟ್ರೇ” ಎಂದರು.

ಬಳಿಕ ಗುಂಡಿ ತೋಡಿಸಿದೆವು. ಉದ್ದ, ಅಗಲ, ಆಳಗಳು ಒಂದೊಂದು ಮೀಟರು. ಅದರಲ್ಲಿ ಕಬ್ಬಿಣದ ಸರಳುಗಳನ್ನು ಹೆಣೆದು, ಗೋಪುರದ ಪಾದವನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಜಲ್ಲಿ ಸಿಮೆಂಟುಗಳ ಕಾಂಕ್ರೀಟನ್ನು ತುಂಬಿದರು. ಇಷ್ಟು ಕಾಂಕ್ರೀಟಿನ ತೂಕ ಸುಮಾರು ೨೪೦೦ ಕಿಲೋ. ಹುಡುಗನು ಮರುದಿನವೇ ಮೇಲಿನ ಭಾಗಗಳನ್ನು ಜೋಡಿಸಬೇಕೆಂದು ಹಾತೊರೆದನು. ಹಿರಿಯರು ಒಪ್ಪಲಿಲ್ಲ. ಕಾಂಕ್ರೀಟಿಗೆ ಕಡಮೆಯೆಂದರೆ ಏಳು ದಿನ ನೀರುಣಿಸಬೇಕು. ಅದು ತಕ್ಕ ಬಲಕ್ಕೆ ಬರಲು ಇಪ್ಪತ್ತೆಂಟು ದಿನಗಳು ಬೇಕು. ಗೋಣಿಚೀಲ ಹೊದಿಸಿ ನೀರು ಹಾಕುವ ಕೆಲಸವನ್ನು ನಾವೇ ವಹಿಸಿಕೊಂಡೆವು. ಬೆಳಗ್ಗೆ ತುಳಸಿಗೆ ನೀರೆರೆಯುವಾಗ ಇದಕ್ಕೂ ಎರೆದದ್ದಾಯಿತು.

ಮುಂದಿನದು ಬಿಗಿತಂತಿಗಳು, ವಿದ್ಯುತ್ ಕಂಬಗಳಿಗೆ ಕಟ್ಟುವ ‘ಸ್ಟೇ ವೈರ್’ ಎಂದರೆ ಎಲ್ಲರಿಗೂ ತಿಳಿಯುವುದು. ಇವುಗಳ ಅಗತ್ಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಆಂಟೆನಾವು ಗಾಳಿಗೊಡ್ಡುವ ಮೈ ಅರ್ಧ ಚದರ ಮೀಟರೆಂದು ಇಟ್ಟುಕೊಳ್ಳೋಣ. ಮೇಲೆ ಹೇಳಿದ ಗಾಳಿಯಲ್ಲಿ ಅದರ ಮೇಲಿನ ನೂಕು ೩೩ ಕಿಲೋ. ಇದೇನು ಮಹಾ ಎನ್ನಬಹುದು. ಆದರೆ ಅದು ನೂಕುವುದು ೧೩ ಮೀಟರಿನ ಸನ್ನೆಗೋಲಿನ ತುದಿಯಲ್ಲಿ. ಒಂದು ಮೀಟರಿನ ಕೋಲಿನ ತುದಿಯಲ್ಲಿ ನಾನೂರಕ್ಕೂ ಹೆಚ್ಚು ಕಿಲೋ ಎಳೆದಂತೆ ಅದು ಬುಡವನ್ನು ಕೀಳಲು ನೋಡುವುದು. ಗೋಪುರದ ಮೈಮೇಲೆ ಬೀಳುವ ಗಾಳಿ ಬೇರೆ. ಈ ಹೊರೆಯನ್ನು ಬುಡದ ಪಾಲಿಗೇ ಬಿಡದೆ ಹಂಚಿಕೊಳ್ಳುವುದಕ್ಕೆ ಮೂರು ದಿಕ್ಕುಗಳಿಗೆ, ಸಮಾನ ಕೋನಗಳಲ್ಲಿ, ತಂತಿಗಳನ್ನು ಕಟ್ಟುತ್ತಾರೆ. ತಂತಿಯನ್ನು ನೆಲಕ್ಕೆ ಕಟ್ಟುವ ಗೂಟವು ಬುಡದಿಂದ ಗೋಪುರದ ಎತ್ತರದ ನೂರರಲ್ಲಿ ಅರುವತ್ತರಿಂದ ಎಂಬತ್ತು ಪಾಲು ದೂರದಲ್ಲಿರುವುದು ಒಳ್ಳೆಯದು. ನಮ್ಮದು ೧೨ ಮೀಟರಿನ ಗೋಪುರವಾದುದರಿಂದ ಎಂಟು ಮೀಟರು ದೂರದಲ್ಲಿ ಮೂರು ಕಡೆ ಕಾಂಕ್ರೀಟು ಹಾಕಿ ಗೂಟಗಳನ್ನು ಹೂಳಿದೆವು. ಪ್ರತಿಯೊಂದರಿಂದಲೂ ಗೋಪುರದ ನಡುವಿಗೊಂದು, ತುದಿಯ ಬಳಿಗೊಂದು ತಂತಿ.

ತಂತಿಗಳ ನಡುನಡುವೆ ಮೊಟ್ಟೆಯಾಕಾರದ ಪಿಂಗಾಣಿಯ ತುಂಡುಗಳನ್ನು ಸೇರಿಸಿದ್ದನ್ನು ನೋಡಿ ನಾವು ಅಲಂಕಾರವೆಂದುಕೊಂಡೆವು. ಅಲ್ಲವಂತೆ. ತಕ್ಕ ಉದ್ದದ ಲೋಹದ ತಂತಿಯೆಲ್ಲವೂ ಆಂಟೆನಾದಂತೆಯೇ ಅಲೆಯನ್ನು ಹಿಡಿದು ಕಂಪಿಸುವುದರಿಂದ, ಪಿಂಗಾಣಿಯಿಂದ ಅದನ್ನು ತುಂಡರಿಸಿ ಸುಮ್ಮನಿರಿಸಬೇಕು. ತಂತಿಯ ಬಿಗಿಯನ್ನು ಸರಿಪಡಿಸಲು ಕೆಳತುದಿಯಲ್ಲಿ ಟರ್ನ್‌ಬಕಲ್ ಎಂಬ ತಿರುಪುಂಟು. ಗಾಳಿಯ ಅದುರಿಗೆ ಆ ತಿರುಪು ತಾನಾಗಿಯೇ ಬಿಚ್ಚಿಕೊಳ್ಳದಂತೆ ಅದರ ಕಣ್ಣುಗಳ ಮೂಲಕ ಬೇರೊಂದು ತಂತಿಯನ್ನು ಹಾಯಿಸಿ ಕಟ್ಟತಕ್ಕದ್ದು.

ಗೋಪುರದ ಮೇಲೆ ನಾವು ಏರಿಸಿದ ಆಂಟೆನಾಗಳು ಮೂರು. ಎಲ್ಲಕ್ಕೂ ಮೇಲೆ, ನೆಲದಿಂದ ಹದಿನಾರು ಮೀಟರು ಎತ್ತರಕ್ಕೆ ತುದಿ ಮುಟ್ಟುವಂತೆ, ಎರಡು ಮೀಟರಿನ ಅಲೆಗೆ ಒಂದು ನೆಟ್ಟನೆಯ ಕೋಲು. ಅದರ ಕೆಳಗೆ, ಗೋಪುರದ ತಲೆಯ ಸಮೀಪದಲ್ಲಿ, ಇಪ್ಪತ್ತು ಮೀಟರಿನ ಅಲೆಗೆ ಎರಡು ಅಡ್ಡಕೋಲುಗಳ ಯಾಗಿ ಆಂಟೆನಾ. ಹಿಂದೆ ದೂರದರ್ಶನಕ್ಕಾಗಿ ಮನೆಮನೆಯ ಮೇಲೂ ಮೀನಿನ ಮುಳ್ಳಿನಂತೆ ನಿಂತಿರುತ್ತಿದ್ದ ಆಂಟೆನಾಗಳನ್ನು ವಾಚಕರು ನೆನೆಯಬಹುದು. ಇದು ಅದೇ ಕುಲಕ್ಕೆ ಸೇರಿದ್ದು. ಜಪಾನಿನ ಸೆಂಡೈ ನಗರದ ವಿಶ್ವವಿದ್ಯಾನಿಲಯದಲ್ಲಿ ಉಡ ಮತ್ತು ಯಾಗಿ ಎಂಬ ವಿದ್ವಾಂಸರು ೧೯೨೬ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಟಾರ್ಚಿನೊಳಗಿನ ಕನ್ನಡಿಯು ಬೆಳಕನ್ನು ಮುಂದಕ್ಕೆ ನೂಕುವಂತೆ ಇದರ ಹಿಂಗೋಲು ಅಲೆಯನ್ನು ಒಂದು ದಿಕ್ಕಿಗೆ ನೂಕುವುದು. ಆದಕಾರಣ ಇದನ್ನು ತಿರುಗಿಸಲು ಗೋಪುರದೊಳಗೆ ಒಂದು ಮೋಟಾರನ್ನಿಟ್ಟಿದೆ. ಇಪ್ಪತ್ತು ಮೀಟರಿನ ಅಲೆಯಲ್ಲಿ ಅರ್ಧವೆಂದರೆ ಹತ್ತು ಮೀಟರು. ಒಂದೊಂದು ಅಡ್ಡಕೋಲಿನ ಉದ್ದವೂ ಸುಮಾರು ಅಷ್ಟೇ. ಅದಕ್ಕೆ ಎತ್ತರವೂ ಕಡಮೆಯೆಂದರೆ ಅಷ್ಟಿರಬೇಕು. ತೀರ ತಗ್ಗಿನಲ್ಲಿದ್ದರೆ ಅಲೆಯ ಬಹುಭಾಗವು ದೂರಕ್ಕೆ ಹೋಗದೆ ನೆತ್ತಿಯ ಕಡೆಗೆ ಹೋಗುವುದು. ಮೂರನೆಯದು ನಲವತ್ತು ಮೀಟರಿನ ಅಲೆಗೆ ತಂತಿಯ ಆಂಟೆನಾ. ಇದು ಗೋಪುರದ ಪಕ್ಕದಿಂದ ಎರಡು ಕಡೆಗೆ, ಮನೆಯ ಸೂರಿನಂತೆ, ಇಳಿದಿದೆ. ಇದರ ತುದಿಗಳ ಹಗ್ಗಗಳು ಎರಡು ತೆಂಗಿನ ಮರಗಳಿಗೆ ಹೋಗುತ್ತವೆ. ಮರವು ಗಾಳಿಗೆ ತೂಗಿದಾಗ ತಂತಿ ಹರಿಯದಿರಲೆಂದು ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಕೊನೆಗೆ ಒಂದು ಕಲ್ಲನ್ನು ತೂಗಬಿಟ್ಟಿದ್ದೇವೆ. ಮರ ಬಾಗಿದರೆ ಕಲ್ಲು ಏರುವುದು, ಮರ ನೆಟ್ಟಗಾದರೆ ಇಳಿಯುವುದು.

ಇವುಗಳನ್ನು ಏರಿಸಿದ ದಿನವನ್ನು ನಾವು ಮರೆಯಲಾರೆವು. ಹಿರಿಯರು ಗಾಳಿಯಿಲ್ಲದ ಬೆಳಗನ್ನು ಆರಿಸಿದ್ದರು. ಏರುವವರಿಬ್ಬರು: ನಮ್ಮ ಹುಡುಗ, ಮತ್ತು ಈ ಕೆಲಸದಲ್ಲಿ ಪಳಗಿದ ಅವನ ಸ್ನೇಹಿತ. ಇಬ್ಬರಿಗೂ ತೊಡೆ, ಸೊಂಟ, ಭುಜಗಳನ್ನೆಲ್ಲ ಬಳಸುವ ಹಾರ್ನೆಸ್ ಎಂಬ ಪಟ್ಟಿ. ಬರಿಯ ಸೊಂಟದ ಪಟ್ಟಿ ಸಾಲದು. ಪಟ್ಟಿಗೆ ಎರಡು ಕೊಕ್ಕೆಗಳು. ಒಂದನ್ನು ಮೇಲಕ್ಕೆ ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಬಿಡಿಸತಕ್ಕದ್ದು. ಎರಡೂ ಬಿಟ್ಟಿರುವ ಕ್ಷಣವೇ ಇರಕೂಡದು. ರೇಡಿಯೋವಿನ ಫ್ಯೂಸನ್ನು ಕಿತ್ತು ಏರುವವನ ಜೇಬಿನಲ್ಲಿಯೇ ಇಟ್ಟರು. ಕೆಳಗಿರುವವರು ಮರೆತು ಯಂತ್ರವನ್ನು ನಡೆಸಿದರೆ ಆಂಟೆನಾ ಮುಟ್ಟಿದವನಿಗೆ ಸುಡುವುದು. ಗೋಪುರದ ಸುತ್ತ ಸುಣ್ಣದಿಂದ ಒಂದು ಗೆರೆ ಎಳೆದು, ಅದರೊಳಗೆ ಯಾರೂ ಬಾರದಂತೆ ನೋಡಿಕೊಳ್ಳುವ ಕೆಲಸವನ್ನು ನಮಗೆ ವಹಿಸಿದರು. ಇಷ್ಟು ವರ್ಷ ತರಗತಿಯನ್ನು ಕಾದವರಿಗೆ ಗೆರೆಯನ್ನು ಕಾಯುವುದು ಹಗುರವೆಂದು ನಾವು ಭಾವಿಸಿದೆವು.

ಭಾರವನ್ನು ಎತ್ತುವ ಕ್ರಮವು ಸರಳವಾದುದು. ಗೋಪುರದ ತಲೆಗೆ ಒಂದು ಗಟ್ಟಿ ಕೊಳವೆಯನ್ನು ಕಟ್ಟಿ, ಅದರ ತುದಿಗೆ ರಾಟೆಯನ್ನು ಹಾಕುವುದು. ಎಳೆಯುವವರು ನೆಲದ ಮೇಲೆ, ಗೆರೆಯ ಹೊರಗೆ. ಮೇಲಿರುವವರು ಬರಿದೆ ನಡೆಸುವವರು. ಆಂಟೆನಾ ತಂತಿಗಳಿಗೆ ತಗಲದಂತೆ ಇನ್ನೊಂದು ಹಗ್ಗದಿಂದ ಕೆಳಗಿನಿಂದಲೇ ಅದನ್ನು ಸರಿಸುತ್ತಿರಬೇಕು. ಏರಿಸುವ ಮೊದಲು ನೆಲದ ಬಳಿಯೇ ಅಳತೆ ಮಾಡಿ, ಯಂತ್ರದಿಂದ ಹೋದ ಶಕ್ತಿಯು ಆಂಟೆನಾದಿಂದ ಹಿಂದಿರುಗಿ ಬರುತ್ತಿದೆಯೇ ಎಂಬುದನ್ನು ನೋಡಿದ್ದರು. ಮೇಲೇರಿದಾಗ ಆ ಅಳತೆ ಸ್ವಲ್ಪ ಬದಲಾಗುವುದಾದರೂ, ಜೋಡಣೆಯ ತಪ್ಪುಗಳು ನೆಲದ ಮೇಲೆಯೇ ಸಿಕ್ಕುತ್ತವೆ.

ಯಾಗಿಯು ತಲೆಯನ್ನು ಮುಟ್ಟಿತು. ಬೋಲ್ಟುಗಳನ್ನು ಬಿಗಿಯುತ್ತಿದ್ದರು. ಅಷ್ಟರಲ್ಲಿ ನೆರೆಮನೆಯ ಪುಟ್ಟ ಹುಡುಗಿಯೊಬ್ಬಳು ಉರುಳಿಹೋದ ಚೆಂಡನ್ನು ಹಿಡಿಯಲು ಗೆರೆಯೊಳಗೆ ಓಡಿದಳು. ನಾವು ಕೂಗಿದೆವು, ತರಗತಿಯಲ್ಲಿಯೂ ಅಷ್ಟು ಗಟ್ಟಿಯಾಗಿ ಕೂಗಿದವರಲ್ಲ. ಹುಡುಗಿಯು ಬೆದರಿ ಹಿಂದಕ್ಕೆ ಬಂದಳು. ಅವಳು ಗೆರೆಯನ್ನು ದಾಟಿದ ಮರುಕ್ಷಣದಲ್ಲಿ ಮೇಲಿನಿಂದ ಸ್ಪ್ಯಾನರೊಂದು ಬಂದು ಚೆಂಡಿನ ಪಕ್ಕದಲ್ಲಿ ಮಣ್ಣಿನೊಳಕ್ಕೆ ಹೂತುಕೊಂಡಿತು. ಹತ್ತು ಮೀಟರಿನಿಂದ ಬಿದ್ದ ವಸ್ತುವಿಗೆ ನೆಲ ಮುಟ್ಟುವಾಗ ಗಂಟೆಗೆ ಐವತ್ತು ಕಿಲೋಮೀಟರಿನ ವೇಗವಿರುವುದು. ಉಪಕರಣಗಳನ್ನೆಲ್ಲ ದಾರದಿಂದ ಪಟ್ಟಿಗೆ ಕಟ್ಟಿಕೊಂಡಿರಬೇಕೆಂಬ ನಿಯಮವಿತ್ತು. ಆ ಒಂದು ಸ್ಪ್ಯಾನರನ್ನು ನಮ್ಮ ಹುಡುಗನು, ‘ಒಂದು ಬೋಲ್ಟು ತಾನೆ’ ಎಂದು, ಕಟ್ಟದೆ ಜೇಬಿನಿಂದ ತೆಗೆದಿದ್ದನು.

ಹಿರಿಯರು ಬೈಯಲಿಲ್ಲ. ಆಂಟೆನಾವನ್ನು ಭದ್ರಪಡಿಸಿ ಇಬ್ಬರೂ ಇಳಿಯುವಂತೆ ಹೇಳಿ ಅಂದಿನ ಕೆಲಸವನ್ನು ನಿಲ್ಲಿಸಿಬಿಟ್ಟರು. ಹುಡುಗನು ಇಳಿದು ಬಂದು, ಮಣ್ಣಿನಿಂದ ಸ್ಪ್ಯಾನರನ್ನು ಕಿತ್ತು, ಬಹಳ ಹೊತ್ತು ಅದನ್ನೇ ನೋಡುತ್ತ ನಿಂತನು. “ದೊಡ್ಡಪ್ಪ, ನೀವು ಕೂಗಿದ್ದು ನನಗೆ ಮೇಲಕ್ಕೂ ಕೇಳಿಸಿತು, ಆ ಬೆಚ್ಚಿಗೇ ಕೈ ಜಾರಿತು” ಎಂದನು. ನಮ್ಮ ಕೂಗು ಮಗುವನ್ನು ಉಳಿಸಿತೋ, ಸ್ಪ್ಯಾನರನ್ನು ಬೀಳಿಸಿತೋ! ಎರಡೂ ನಿಜವಿರಬಹುದು. ಒಬ್ಬರ ತಪ್ಪಿಗೆ ಇನ್ನೊಬ್ಬರ ತಪ್ಪು ಕೂಡಿದಾಗಲೇ ಅನಾಹುತವಾಗುವುದೆಂಬುದು ಅಂದು ನಮಗೆ ಮನದಟ್ಟಾಯಿತು. ಮರುದಿನ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿ, ಪ್ರತಿಯೊಂದು ಉಪಕರಣಕ್ಕೂ ದಾರ ಕಟ್ಟಿರುವುದನ್ನು ಎಣಿಸಿ, ಆಮೇಲೆ ಏರಿದರು.

ಮಳೆ ಮತ್ತು ಸಿಡಿಲುಗಳ ವಿಷಯವನ್ನು ಹೇಳದೆ ಬಿಡಲಾಗದು. ಆಂಟೆನಾದಿಂದ ಇಳಿಯುವ ಕೇಬಲ್ಲಿನ ಕೀಲುಗಳಲ್ಲಿ ನೀರು ಸೇರಿದರೆ ಕೇಬಲ್ಲೇ ಕೆಡುವುದು. ಅಂಟುಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಆಗ ಹಂಚಿನ ಮನೆಯ ಹಂಚುಗಳಂತೆ ಮೇಲಿನ ಸುತ್ತು ಕೆಳಗಿನದರ ಮೇಲೆ ಬಂದು ನೀರು ಜಾರಿಹೋಗುವುದು. ಕೇಬಲ್ಲು ಗೋಡೆಯೊಳಕ್ಕೆ ಹೋಗುವ ಮುನ್ನ ಕೆಳಕ್ಕೆ ಒಂದು ಬಾಗು ಕೊಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕುವುದು.

ಸಿಡಿಲಿನಲ್ಲಿ ಹರಿಯುವ ವಿದ್ಯುತ್ತು ಸಾಮಾನ್ಯವಾಗಿ ಮೂವತ್ತು ಸಾವಿರ ಆಂಪೇರುಗಳಷ್ಟು. ನಮ್ಮ ಮನೆಯ ದೀಪಕ್ಕೆ ಒಂದು ಆಂಪೇರೂ ಬೇಡ. ಅದನ್ನು ತಡೆಯುವುದು ಯಾರಿಂದಲೂ ಆಗದು. ಅದಕ್ಕೆ ಭೂಮಿಗೆ ಹೋಗುವ ನೇರವಾದ ದಾರಿಯನ್ನು ಮಾಡಿಕೊಡಬಹುದಷ್ಟೆ. ಗೋಪುರದ ಕಾಲುಗಳಿಂದ ದಪ್ಪನೆಯ ತಾಮ್ರದ ಪಟ್ಟಿಗಳನ್ನು ನೆಲದಲ್ಲಿ ಹೂಳಿದ ಅರ್ಥಿಂಗ್ ಸರಳುಗಳಿಗೆ ಜೋಡಿಸಬೇಕು. ಮನೆಯ ಅರ್ಥಿಂಗನ್ನೂ ಇದಕ್ಕೇ ಕೂಡಿಸಬೇಕು. ಎರಡೂ ಬೇರೆಬೇರೆಯಾಗಿದ್ದರೆ ಸಿಡಿಲು ಒಂದರಿಂದ ಇನ್ನೊಂದಕ್ಕೆ ಮನೆಯೊಳಗಿನ ಯಂತ್ರದ ಮೂಲಕವೇ ದಾರಿ ಹುಡುಕುವುದು. ಇಷ್ಟಾದರೂ, ಗುಡುಗು ಕೇಳಿಸುವ ಮುನ್ನವೇ ಮೋಡವನ್ನು ನೋಡಿ ಕೇಬಲ್ಲನ್ನು ಯಂತ್ರದಿಂದ ಬಿಡಿಸಿ ಮನೆಯ ಹೊರಗಿಡುವುದೇ ಜಾಣತನ. ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಕೂಡದು.

ಈ ವರ್ಷದ ಮೇ ತಿಂಗಳಲ್ಲಿ ಮತ್ತೊಂದು ಬಿರುಗಾಳಿ ಬಂದಿತು. ಹುಡುಗನು ಮಧ್ಯಾಹ್ನವೇ ಕೇಬಲ್ಲುಗಳನ್ನು ಬಿಡಿಸಿದ್ದನು. ಗಾಳಿಯು ತೆಂಗಿನ ಗರಿಗಳನ್ನು ಕಿತ್ತೆಸೆಯಿತು. ದೀಪಗಳು ಹೋದವು; ಸ್ವಲ್ಪ ಹೊತ್ತಿನಲ್ಲಿ ಮೊಬೈಲುಗಳೂ ನಿಂತವು. ನಾವೆಲ್ಲರೂ ನಡುಮನೆಯಲ್ಲಿ ಕುಳಿತು ಹಿತ್ತಿಲ ಕಡೆಗೆ ಕಿವಿಗೊಟ್ಟಿದ್ದೆವು. ತಂತಿಗಳು ಕೊರಗುವ ಶಬ್ದ ಬರುತ್ತಿದ್ದಿತು. ಬೀಳುವ ಶಬ್ದ ಬರಲಿಲ್ಲ.

ಗಾಳಿ ನಿಂತಿತು. ಗುಡುಗು ಪೂರ್ತಿಯಾಗಿ ದೂರ ಹೋದ ಮೇಲೆ ಹುಡುಗನು ಬ್ಯಾಟರಿಯಿಂದ ಯಂತ್ರವನ್ನು ನಡೆಸಿದನು. ಅವನ ತಾಯಿಯ ತವರು ನಂಜನಗೂಡು. ಅಲ್ಲಿ ವೃದ್ಧರಾದ ತಂದೆತಾಯಿಗಳಿಬ್ಬರೇ ಇರುವರು. ಅದೇ ಬೀದಿಯಲ್ಲಿ ಹುಡುಗನ ಹ್ಯಾಮ್ ಸ್ನೇಹಿತನೊಬ್ಬನಿರುವನು. ಅವನ ಆಂಟೆನಾ ಎಂಟು ಮೀಟರು ಎತ್ತರದ್ದು. ನಮ್ಮ ಮನೆಯಿಂದ ಅಲ್ಲಿಗೆ ಸುಮಾರು ಇಪ್ಪತ್ತಮೂರು ಕಿಲೋಮೀಟರು. ಹಿಂದೆ ಹೇಳಿದ ಲೆಕ್ಕದಂತೆ ಅವನ ದಿಗಂತ ಹನ್ನೊಂದು, ನಮ್ಮದು ಹದಿನಾರು, ಕೂಡಿದರೆ ಇಪ್ಪತ್ತೇಳು. ಕೈಪಿಡಿ ಗೋಡೆಯ ಮೇಲಿನ ಹಳೆಯ ಆಂಟೆನಾದಿಂದ ಈ ಮಾತು ಮುಟ್ಟುತ್ತಿರಲಿಲ್ಲ. ಎರಡು ಸಾರಿ ಕರೆದ ಮೇಲೆ ಸ್ನೇಹಿತನ ಧ್ವನಿ ಕೇಳಿಸಿತು. “ಅಜ್ಜ ಅಜ್ಜಿ ಇಬ್ಬರನ್ನೂ ಈಗ ತಾನೆ ನೋಡಿ ಬಂದೆ. ಅಂಗಳದ ನುಗ್ಗೆಮರ ಬಿದ್ದಿದೆ. ಮನೆಗೆ ಏನೂ ಆಗಿಲ್ಲ. ಸಾರು ಕಾಯಿಸಿಕೊಳ್ಳುತ್ತಿದ್ದಾರೆ.” ತಮ್ಮನ ಪತ್ನಿಯು ಆ ಯಂತ್ರದ ಮುಂದೆ ಅಂದು ಮೊದಲನೆಯ ಸಾರಿ ಕುಳಿತರು. ಏನೂ ಮಾತನಾಡಲಿಲ್ಲ, ಸೆರಗಿನಿಂದ ಕಣ್ಣೊರಸಿಕೊಂಡು, ದೀಪ ಹಚ್ಚಲು ಎದ್ದು ಹೋದರು.

ಮರುದಿನ ಬೆಳಗ್ಗೆ ನಾವು ಎದ್ದಾಗ ಆಕೆಯೇ ಹಿತ್ತಿಲಿನಲ್ಲಿದ್ದರು. ಒಂದೊಂದು ಬಿಗಿತಂತಿಯನ್ನೂ ಕೈಯಿಂದ ಹಿಡಿದು ಅಲುಗಾಡಿಸಿ ನೋಡುತ್ತಿದ್ದರು. “ಭಾವ, ಮೂಡಲ ಕಡೆಯದು ಸ್ವಲ್ಪ ಸಡಿಲವಾಗಿದೆ” ಎಂದರು. ಸ್ಥೂಣಾನಿಖನನ ನ್ಯಾಯವನ್ನು ಆಕೆಗೆ ಯಾರೂ ಪಾಠ ಹೇಳಿರಲಿಲ್ಲ. ಹುಡುಗನನ್ನು ಎಬ್ಬಿಸಿ, ಸ್ಪ್ಯಾನರಿಗೆ ದಾರ ಕಟ್ಟಿಸಿ, ಆ ತಿರುಪನ್ನು ಬಿಗಿಸಿದೆವು.